ಕಿಸ್ಪೆಯ ಪತ್ರದಲ್ಲಿ ಬಿದಿರು

ಪೆರು ದೇಶದ ಕಿಸ್ಪೆ ಉತ್ತರ ಇಂಗ್ಲೆಂಡಿನ ಒಂದು ಫುಟ್‌ಬಾಲ್ ತಂಡ ಸೇರಿ ಎರಡು ವರ್ಷವಾಗಿತ್ತು. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತಿದ್ದೇ ಹೆಚ್ಚು. ಆದರೂ ಗೋಪಾಳದ ವಿಜಯಕುಮಾರನಿಗೆ ಅವನೆಂದರೆ ಪ್ರಾಣ. ಭದ್ರಾವತಿಯ ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ವಿಜಯಕುಮಾರ, ಚಂದ್ರಹಾಸ ಇಬ್ಬರದೂ ಹನ್ನೊಂದು ವರ್ಷದಿಂದ ಅಕ್ಕಪಕ್ಕದ ಮೇಜು. ಶನಿವಾರ ಬಂತೆಂದರೆ ಚಂದ್ರಹಾಸನ ಕ್ವಾರ್ಟರ್ಸಿನ ಟೀವಿ ಮುಂದೆಯೂ ಅಕ್ಕಪಕ್ಕ.

“ಬೆಂಚಿನ ಮೇಲೆ ಹೆಂಗೆ ನಡುಗ್ತಾ ಇದಾನೆ ನೋಡು ಮಾರಾಯ. ಒಂದು ಕಂಬಳಿ ಕಳಿಸು” ಎಂದು ಚಂದ್ರಹಾಸ ಪ್ರತಿ ವಾರ ಕೆಣಕುತ್ತಿದ್ದ.

೧೯೯೮ರ ನವೆಂಬರಿನಲ್ಲಿ ವಿಜಯಕುಮಾರ ಕಿಸ್ಪೆಗೆ ಪತ್ರ ಬರೆದ. ಫೆಬ್ರವರಿಯಲ್ಲಿ ಉತ್ತರ ಬಂತು. ಇಂಗ್ಲೆಂಡಿನ ಸ್ಟಾಂಪು, ಅಲ್ಲಿನದೇ ಮೊಹರು. ಒಳಗೊಂದು ಹಾಳೆ, ಹರಕುಮುರುಕು ಇಂಗ್ಲಿಷಿನಲ್ಲಿ ಐದು ಸಾಲು. ಆಟಕ್ಕಿಂತ ಬೆಂಚಿನ ಚಳಿಯೇ ಕಷ್ಟ ಎಂದು ಕೊನೆಯ ಸಾಲು.

ಅದನ್ನು ಓದಿದ ಕೂಡಲೆ ಚಂದ್ರಹಾಸನ ದನಿ ಕೇಳಿದಂತಾಯಿತು. ಹಿಂದೊಮ್ಮೆ ತಮಾಷೆಗೆ ಫೋರ್‌ಮನ್ ಚೌಡಯ್ಯನಿಗೆ ಸುಳ್ಳು ಬಡ್ತಿ ಆರ್ಡರು ಟೈಪ್ ಮಾಡಿ ಕೊಟ್ಟವನು ಅವನು. ಅವನ ಅಕ್ಕ ಇಂಗ್ಲೆಂಡಿನಲ್ಲಿ ನರ್ಸು. ಅಲ್ಲಿಂದ ಒಂದು ಕವರು ಅಂಚೆಗೆ ಹಾಕುವುದು ಎಷ್ಟರ ಕೆಲಸ?

ವಿಜಯಕುಮಾರ ಹಾಳೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೀಟಿದ. ಕಾರ್ಖಾನೆಯ ಹಾಳೆಯಲ್ಲಿ ದಿನವೂ ಕೇಳುವ ಸದ್ದೇ. ಮಾರನೆಯ ದಿನ ಊಟದ ಬಿಡುವಿನಲ್ಲಿ ಅದರ ಒಂದು ಮೂಲೆ ಹರಿದು, ಕ್ಷಾರದಲ್ಲಿ ಕುದಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟ. ಉದ್ದನೆಯ ಸಪೂರ ನಾರು, ನಡುವೆ ಪೀಪಾಯಿಯಂಥ ಜೀವಕೋಶಗಳು. ಬಿದಿರು. ತಮ್ಮ ಕಾರ್ಖಾನೆಯ ಕಾಗದವೂ ಬಿದಿರಿನದೇ. ಇಂಗ್ಲೆಂಡಿನವರು ಬಿದಿರಿನ ಹಾಳೆಯ ಮೇಲೆ ಯಾಕೆ ಬರೆಯುತ್ತಾರೆ?

“ನಿನ್ನ ಅಕ್ಕನಿಗೆ ಸ್ಟಾಂಪಿನ ಖರ್ಚು ಯಾಕೆ ಹಾಕಿಸಿದೆ?” ಎಂದು ಎಲ್ಲರೆದುರೇ ಕೇಳಿದ.

ಚಂದ್ರಹಾಸ ಮೊದಲು ನಕ್ಕ. ಸ್ಲೈಡು ತೋರಿಸಿದಾಗ ನಗು ನಿಂತಿತು. “ನಾನಲ್ಲ ಅಂದ್ರೆ ಕೇಳ್ತೀಯಾ, ಇಲ್ಲ ನನ್ನನ್ನೂ ಕುದಿಸಿ ನೋಡ್ತೀಯಾ?”

“ಬೇರೆ ಯಾರು ಮಾಡ್ತಾರೆ?”

ಮರುದಿನವೇ ಚಂದ್ರಹಾಸ ಬೇರೆ ಪಾಳಿಗೆ ಅರ್ಜಿ ಕೊಟ್ಟ. ಸೋಮವಾರದಿಂದ ಪಕ್ಕದ ಮೇಜು ಖಾಲಿ. ಎರಡು ಶನಿವಾರ ವಿಜಯಕುಮಾರ ಮನೆಯಲ್ಲೇ ಕೂತ. ಕಡೆಗೆ ಹೆಂಡತಿ ಪ್ರಿಯದರ್ಶಿನಿ ಕಾರಣ ಕೇಳಿದಳು. ಬಿದಿರಿನ ತನಕ ಎಲ್ಲವನ್ನೂ ಹೇಳಿದ.

“ಅಯ್ಯೋ, ಆ ಹಾಳೆ ನಾನೇ ಇಟ್ಟಿದ್ದು ಕಣ್ರೀ” ಎಂದಳು. “ಪತ್ರ ಅಂಟಿಸಿ ಪೋಸ್ಟಿಗೆ ಹಾಕು ಅಂತ ನನ್ ಕೈಗೆ ಕೊಟ್ರಲ್ಲ. ಆಡೋ ಹುಡುಗನ ಹತ್ರ ಬರೆಯೋ ಕಾಗದ ಎಲ್ಲಿರತ್ತೆ ಅಂತ, ನೀವು ಲ್ಯಾಬಿಂದ ತಂದಿದ್ರಲ್ಲಿ ಉತ್ತರಕ್ಕೆ ಒಂದು ಖಾಲಿ ಹಾಳೆ ಮಡಿಸಿ ಇಟ್ಟೆ.”

ಆ ಶನಿವಾರ ಭದ್ರಾವತಿಯ ಬಸ್ಸು ಮಲವಗೊಪ್ಪ ದಾಟುವಾಗಲೂ ಅವನು ಮಾತು ಜೋಡಿಸಿಕೊಳ್ಳುತ್ತಲೇ ಇದ್ದ. ಕ್ವಾರ್ಟರ್ಸಿನಲ್ಲಿ ಟೀವಿ ಹಾಕಿತ್ತು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿ, ತಪ್ಪಾಯಿತು ಎಂದ.

ಚಂದ್ರಹಾಸ ಕೊನೆಯವರೆಗೂ ಕೇಳಿಸಿಕೊಂಡ. “ನಿನ್ನ ಹೆಂಡತೀನೇ ಇಟ್ಟಿದ್ದು ಅನ್ನೋದಕ್ಕೆ ಏನು ಸಾಕ್ಷಿ?”

“ಅವಳೇ ಹೇಳಿದ್ಲು.”

“ನಾನೂ ಹೇಳಿದ್ದೆ.”

ಚಂದ್ರಹಾಸ ಟೀವಿಯತ್ತ ತಿರುಗಿದ. ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ವಿಜಯಕುಮಾರ ಚಪ್ಪಲಿ ಕಳಚದೆ, ಹೊಸ್ತಿಲಾಚೆಯಿಂದಲೇ ಆಟ ನೋಡುತ್ತ ನಿಂತ.