ಆರು ಐದಾದ ಬೆಳಿಗ್ಗೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೂಗುತ್ತಿದ್ದ, ಎಲ್ಲರೂ ಟೋಕನ್ ಅಕ್ಕ ಎಂದೇ ಕರೆಯುತ್ತಿದ್ದ ಕೆಲಸದಾಕೆಯ ಗಂಟಲು ಹನ್ನೊಂದು ವರ್ಷ ಕೂಗಿ ಕೈಕೊಟ್ಟಿತು. ಒಂದು ತಿಂಗಳು ಬಾಯಿ ಬಿಡಕೂಡದು ಎಂದು ಗಂಟಲಿನ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಆಗ ಹಲ್ಲಿನ ಡಾಕ್ಟರಿಗೆ ತಮಗೊಬ್ಬ ನಾದಿನಿ ಇರುವುದೂ ಅವಳು ಎಲೆಕ್ಟ್ರಾನಿಕ್ಸ್ ಓದಿರುವುದೂ ಒಟ್ಟಿಗೇ ನೆನಪಾದವು. ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಅವಳು ರಿಪೇರಿ ಮಾಡುತ್ತಿದ್ದದ್ದನ್ನು ಭಾವ ನೆಂಟರ ಮುಂದೆ "ಏನೋ ಬಿಚ್ಚುತ್ತಿರ್ತಾಳೆ" ಎನ್ನುತ್ತಿದ್ದರು. ಜೋಡಿಸುತ್ತಾಳೆ ಎಂದು ಅವರು ಹೇಳಿದ್ದನ್ನು ಯಾರೂ ಕೇಳಿಲ್ಲ.

"ಟೋಕನ್ ನಂಬರು ತೋರಿಸೋ ಒಂದು ಬೋರ್ಡು. ಎರಡು ಅಂಕಿ ಕಾಣಿಸಬೇಕು, ಅಷ್ಟೆ. ಸಂಜೆಯೊಳಗೆ ಆಗುತ್ತಲ್ಲ?"

"ನಾಲ್ಕು ದಿನ ಬೇಕು ಭಾವ."

"ಅಂಕಿಗೆ ಎರಡು ದಿನವಾ?"

ಲೆಕ್ಕ ಹಾಗಿರಲಿಲ್ಲ. ಒಂದು ಅಂಕಿಗೆ ದೀಪದ ಏಳು ಗೆರೆ, ಗೆರೆಗೊಂದರಂತೆ ಎರಡಕ್ಕೆ ಹದಿನಾಲ್ಕು ತಂತಿ. ಅವಳ ಬಳಿ ಇದ್ದ ಪ್ರೊಸೆಸರಿನಲ್ಲಿ ಮುಂದಿನ ಟೋಕನ್ ಕರೆಯುವ ಗುಂಡಿಗೆ ಒಂದು ಪಿನ್ನು ಬಿಟ್ಟರೆ, ತಂತಿ ಸೇರಿಸಲು ಖಾಲಿ ಉಳಿದದ್ದು ಒಂಬತ್ತೇ ಪಿನ್ನು. ಆದ್ದರಿಂದ ಏಳು ತಂತಿಗಳನ್ನು ಎರಡು ಅಂಕಿಗಳಿಗೂ ಹಂಚಿ, ಈಗ ಯಾವ ಅಂಕಿಯ ಸರದಿ ಎಂದು ಹೇಳಲು ಎರಡು ತಂತಿ ಇಟ್ಟಳು. ಒಂದು ಅಂಕಿ ಉರಿಯುವಾಗ ಇನ್ನೊಂದು ಆರಿರುತ್ತದೆ. ಅದಲುಬದಲು ಎಷ್ಟು ಬೇಗ ಆಗುತ್ತದೆಂದರೆ ಕಣ್ಣಿಗೆ ಎರಡೂ ಉರಿದಂತೆಯೇ ಕಾಣುತ್ತದೆ.

ಇದನ್ನು ವಿವರಿಸಿದಾಗ ಟೋಕನ್ ಅಕ್ಕ ಚೀಟಿಯ ಮೇಲೆ ಬರೆದಳು: "ಅರ್ಧ ಹೊತ್ತು ನಿದ್ದೆ ಮಾಡಿದರೂ ಯಾರಿಗೂ ಗೊತ್ತಾಗಲ್ಲ?"

"ಗೊತ್ತಾಗಲ್ಲ."

"ನನಗೂ ಇಂಥದ್ದೇ ಕೆಲಸ ಕೊಡಿಸು."

ಸೋಮವಾರ ಬೆಳಿಗ್ಗೆ ಬೋರ್ಡು ಗೋಡೆಗೇರಿತು. ಟೋಕನ್ ಹದಿನೈದರವರೆಗೂ ನೆಟ್ಟಗಿತ್ತು. ಹದಿನೈದನೆಯವರು ಒಬ್ಬ ನಿವೃತ್ತ ಮೇಷ್ಟ್ರು. ಹಲ್ಲು ಸ್ವಚ್ಛ ಮಾಡಿಸಿಕೊಂಡು ಬಂದು ಔಷಧಿ ಚೀಟಿಗಾಗಿ ಕುಳಿತರು. ಅಕ್ಕ ಗುಂಡಿ ಒತ್ತಿದಳು. ಬೋರ್ಡು ಮತ್ತೆ ಹದಿನೈದು ಎಂದಿತು. ಮೇಷ್ಟ್ರು ತಮ್ಮ ಟೋಕನ್ ನೋಡಿಕೊಂಡರು, ಎದ್ದರು, ಒಳಗೆ ಹೋದರು. ಅಕ್ಕ ಮೇಜು ಬಡಿದು ಕೈ ಬೀಸಿದಳು. ಮೇಷ್ಟ್ರೂ ಕೈ ಬೀಸಿದರು.

ಡಾಕ್ಟರು ಮುಖ ನೋಡುವವರಲ್ಲ, ಬಾಯಿ ನೋಡುವವರು. ಇನ್ನೊಮ್ಮೆ ಸ್ವಚ್ಛ ಮಾಡಿ, "ಹಲ್ಲು ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದು ಹೊಗಳಿದರು.

ಹದಿನಾರರ ಅಜ್ಜಿ ಊದಿದ ಕೆನ್ನೆಗೆ ಕೈ ಒತ್ತಿ ಕೂತೇ ಇದ್ದರು. ಬೋರ್ಡು ಹದಿನೇಳಕ್ಕೆ ಹಾರಿದಾಗ, "ಹದಿನಾರು ಯಾವಾಗ ಬಂತು?" ಎಂದರು. ಉತ್ತರ ಕೊಡಬೇಕಾದವಳಿಗೆ ಬಾಯಿರಲಿಲ್ಲ. ಆಮೇಲೆ ಬಾಗಿಲಲ್ಲಿ ಇಬ್ಬರು ತನ್ನದೇ ಸರದಿ ಎಂದು ಭುಜಕ್ಕೆ ಭುಜ ಒತ್ತಿ ನಿಂತಾಗ ಭಾವ ಫೋನು ಮಾಡಿದರು.

"ನಿನ್ನ ಬೋರ್ಡಿಗೆ ಎಣಿಸೋಕೆ ಬರಲ್ಲ ಕಣೇ."

"ಈಗ ಎಷ್ಟು ತೋರಿಸ್ತಿದೆ?"

"ಹತ್ತೊಂಬತ್ತು. ಒಬ್ಬರು ಹದಿನೆಂಟು ಅಂತಾರೆ, ಒಬ್ಬರು ಹತ್ತೊಂಬತ್ತು ಅಂತಾರೆ. ವೋಟು ಹಾಕಿಸ್ಲಾ?"

ಕ್ಲಿನಿಕ್ಕಿಗೆ ಬರುವ ದಾರಿಯಲ್ಲೇ ಅವಳಿಗೆ ಹೊಳೆಯಿತು. ಎಂಟರಲ್ಲಿ ಕೆಳಗಿನ ಎಡ ಗೆರೆ ಹೋದರೆ ಒಂಬತ್ತು, ಆರರಲ್ಲಿ ಹೋದರೆ ಐದು. ಬೋರ್ಡು ಸರಿಯಾಗಿಯೇ ಎಣಿಸುತ್ತಿತ್ತು, ಬರೆಯುವಾಗ ಒಂದು ಗೆರೆ ನುಂಗುತ್ತಿತ್ತು.

ಕ್ಲಿನಿಕ್ಕಿನಲ್ಲಿ ಖಾಲಿ ಮೇಜಿರಲಿಲ್ಲ. ಬೋರ್ಡನ್ನು ರೋಗಿಯ ಕುರ್ಚಿಯ ಮೇಲೆ ಮಲಗಿಸಿದಳು. ದೀಪ ಬಗ್ಗಿಸಿ, ಭಾವನ ಪುಟ್ಟ ಕನ್ನಡಿಯನ್ನು ತಂತಿಗಳ ಹಿಂದೆ ತೂರಿಸಿ ನೋಡಿದರೆ ಬೆಸುಗೆಯಲ್ಲಿ ಕೂದಲಿನಷ್ಟು ಬಿರುಕು. ಅವಳೇ ಹಾಕಿದ ಬೆಸುಗೆ.

"ತಪ್ಪು ನಂದೇ ಭಾವ. ಸರಿಯಾಗಿ ಕೂತಿಲ್ಲ."

ಭಾವ ಕನ್ನಡಿ ಹಿಡಿದುಕೊಂಡರು. ಅವಳು ಬೆಸುಗೆ ಕಡ್ಡಿ ಕಾಯಿಸಿ ಬಾಗಿದಳು.

"ಸ್ವಲ್ಪ ಎಡಕ್ಕೆ. ಅಲ್ಲಾಡಬೇಡಿ."

ಆ ಕೋಣೆಯಲ್ಲಿ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವರು ಅಲ್ಲಾಡಲಿಲ್ಲ. ಹೊಗೆ ಎದ್ದು ಇಳಿದ ಮೇಲೆ, "ನಾನು ಹಲ್ಲಿಗೆ ತುಂಬಿದ್ದೂ ಬಿದ್ದುಹೋಗುತ್ತೆ. ಹೋದ ತಿಂಗಳು ಎರಡು" ಎಂದರು. ಹನ್ನೆರಡು ವರ್ಷದ ನೆಂಟಸ್ತಿಕೆಯಲ್ಲಿ ಭಾವನ ಬಾಯಿಂದ ಇಂಥ ಮಾತು ಅವಳು ಕೇಳಿರಲಿಲ್ಲ. ತಂತಿ ಎಳೆದು ನೋಡಿ, "ಇದು ಬೀಳಲ್ಲ" ಎಂದಳು.

ಕುರ್ಚಿ ಖಾಲಿಯಾದ ಕೂಡಲೇ ಅಜ್ಜಿಯನ್ನು ಒಳಗೆ ಕರೆದರು. ಮೇಷ್ಟ್ರು ತಮ್ಮನ್ನು ಇನ್ನೊಮ್ಮೆ ಕರೆಯುವುದಿದೆಯೇ ಎಂದು ವಿಚಾರಿಸಿಕೊಂಡು ಮನೆಗೆ ಹೋದರು.

ಗೆರೆ ತಪ್ಪಿದರೆ ಮೊದಲೇ ಗೊತ್ತಾಗಲಿ ಎಂದು, ಬೋರ್ಡು ಹಚ್ಚಿದ ಕೂಡಲೇ ಐದು ಸೆಕೆಂಡು ಎಲ್ಲ ಗೆರೆಗಳೂ ಉರಿದು ಎಂಬತ್ತೆಂಟು ಕಾಣುವಂತೆ ಅವಳು ಮಾಡಿದಳು. ಮೊದಲ ದಿನ ಅದನ್ನು ನೋಡಿದ ಮೂವರು ತಮ್ಮ ಸರದಿ ಎಂದೋ ಕಳೆಯಿತೆಂದು ಎದ್ದು ಹೋದರು. ಅಕ್ಕ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಳು: "ಎಂಬತ್ತೆಂಟು ಯಾರ ನಂಬರೂ ಅಲ್ಲ. ದಯವಿಟ್ಟು ಕೂತಿರಿ." ಅದರ ಕೆಳಗೆ ಭಾವ, ಒಂದು ಮಾತೂ ಕೇಳದೆ, ತೊಂದರೆಯಿದ್ದರೆ ಸಂಪರ್ಕಿಸಿ ಎಂದು ನಾದಿನಿಯ ಫೋನ್ ನಂಬರು ಬರೆದರು.

ಆ ವಾರ ನಾಲ್ಕು ಜನ ಫೋನು ಮಾಡಿದರು. ನಾಲ್ವರಿಗೂ ಹಲ್ಲುನೋವು. ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಬೆಳಿಗ್ಗೆ ಬೇಗ ಬಂದು ಟೋಕನ್ ತಗೊಳ್ಳಿ ಎಂದಳು.