ವಿರುಪಮ್ಮನ ಮುಯ್ಯಿ

ಶ್ರಾವಣ ಹಿಡಿದಿತ್ತು. ಕಾಲುವೆಗೆ ನೀರು ಬಂದು ಎಮ್ಮಿಗನೂರಿನ ಗದ್ದೆಗಳಲ್ಲೆಲ್ಲ ಭತ್ತದ ನಾಟಿ ಜೋರಾಗಿತ್ತು. ಕೆಸರಿನಲ್ಲಿ ಸಾಲಾಗಿ ಬಗ್ಗಿದ್ದ ಹೆಂಗಸರ ನಡುವೆ ಜ್ಯೋತಿಲಕ್ಷ್ಮಿ ಏನೋ ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ವಿರುಪಮ್ಮ ಮಾತ್ರ ಹಲ್ಲು ಕಚ್ಚಿಕೊಂಡು ಸಸಿ ಊರಿದಳು.

ಗದ್ದೆ ಜ್ಯೋತಿಲಕ್ಷ್ಮಿಯದು. ಅವಳ ಗಂಡ ದುರುಗೇಶ್ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ಅಂಥವಳಿಗೆ ನಗು ಎಲ್ಲಿಂದ ಬರುತ್ತದೆ ಎನ್ನುವುದೇ ವಿರುಪಮ್ಮನ ಹೊಟ್ಟೆಯುರಿ. ತನ್ನ ಗಂಡ ಉಚ್ಚೆಂಗಪ್ಪ ಸಂಡೂರಿನ ಗಣಿಯಲ್ಲಿ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದ. ಆದರೂ ತಲೆ ದಿಂಬಿಗಿಟ್ಟೊಡನೆ ಇವಳ ಎದೆ ಢವಗುಟ್ಟುತ್ತಿತ್ತು. ಕಂಪ್ಲಿಯ ಡಾಕ್ಟರು, "ಟೆನ್ಷನ್ ಬಿಡ್ರಿ ಅಮ್ಮ" ಎಂದು ಗುಳಿಗೆ ಬರೆದುಕೊಟ್ಟಿದ್ದರು. ಎಲ್ಲಿ ಬಿಡಬೇಕೆಂದು ಹೇಳಿರಲಿಲ್ಲ.

ಈಗಿನ ಚಿಂತೆ ತನ್ನ ಗದ್ದೆಗೆ ಬೆಳೆಸಿದ ಸಸಿಯದು. ಮಡಿಯಲ್ಲಿ ಬಲಿತು ಹಳದಿಗೆ ತಿರುಗುತ್ತಿತ್ತು. ಬೇಗ ಊರದಿದ್ದರೆ ಈ ಬೆಳೆ ಕೈಬಿಟ್ಟಂತೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು: ಊರಲ್ಲಿ ಮುಯ್ಯಿ ನಡೆಯುವುದೇ ಹಾಗೆ. ವಿರುಪಮ್ಮ ಕರೆದವರ ಗದ್ದೆಗೆಲ್ಲ ಹೋಗುವಳು, ತನ್ನ ತುಂಡು ಗದ್ದೆಗೆ ಯಾರನ್ನೂ ಕರೆಯಳು. ಯಾರ ಹಂಗೂ ಇಲ್ಲ ಎನ್ನುವುದು ಅವಳ ಹೆಮ್ಮೆ. ಈ ಸಲ ಒಬ್ಬಳೇ ಬಗ್ಗಿದರೆ ತಲೆ ತಿರುಗುತ್ತಿತ್ತು; ಅರ್ಧವೂ ಮುಗಿದಿರಲಿಲ್ಲ.

ಬುತ್ತಿ ಬಿಚ್ಚುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ. "ನಿನಗೇನವ್ವಾ, ಮಸ್ತ್ ನಗ್ತಿ. ಗಂಡ ಮಂಚ ಹಿಡದಾನ. ನಿನಗ ಎದಿ ಅನ್ನೋದು ಐತೋ ಇಲ್ಲೋ?"

ಜ್ಯೋತಿಲಕ್ಷ್ಮಿ ರೊಟ್ಟಿ ಮುರಿಯುತ್ತ ಅಂದಳು: "ಐತಿ ಬೇ. ರಾತ್ರೆಲ್ಲ ಢವಢವ ಅಂತೈತಿ. ಒಬ್ಬಾಕೀನ ಕುಂತ್ರ ಹುಚ್ಚು ಹಿಡೀತೈತಿ ಅಂತ ಬೆಳಗಾದ ಕೂಡ್ಲೆ ಹಂಪಕ್ಕನ ಮನಿಗೆ ಹೋಗಿ ಅತ್ತು ಬರ್ತೀನಿ."

"ನಮ್ಮನಿ ಕಟ್ಟಿ ತೊಯ್ದು ಹೋಗೈತಿ!" ಎಂದಳು ಪಕ್ಕದಲ್ಲಿದ್ದ ಮುದುಕಿ ಹಂಪಕ್ಕ. ಮತ್ತೆ ನಗು.

ವಿರುಪಮ್ಮನ ಕಿಚ್ಚು ಇನ್ನೂ ಹೆಚ್ಚಿತು. ಅಳಲಿಕ್ಕೂ ಇವಳಿಗೊಂದು ಮನೆಯಿದೆ! ಆ ಉರಿಯಲ್ಲೇ ಮಾತು ಹೊರಬಿತ್ತು: "ನಾಳೆ ನನ್ನ ಗದ್ದಿಗೆ ಬರ್ರಿ. ಸಸಿ ಭಾಳ ಬಲ್ತಾವ. ಒಬ್ಬಾಕಿ ಕೈಲಿ ಆಗವಲ್ದು."

"ಇಷ್ಟು ದಿನ ಬಾಯಾಗ ಏನಿಟ್ಕೊಂಡಿದ್ದಿ ಲೇ?" ಹಂಪಕ್ಕ ಗದರಿದಳು.

ಮರುದಿನ ಎಲ್ಲರೂ ಬಂದರು. ಅಲ್ಲಿಯೂ ಹೆಂಗಸರು ಜ್ಯೋತಿಲಕ್ಷ್ಮಿಯನ್ನೇ ಮುತ್ತಿಕೊಂಡು ನಕ್ಕರು. ತನ್ನ ಗದ್ದೆಯಲ್ಲೂ ಇವಳದೇ ದರ್ಬಾರು ಎಂದು ವಿರುಪಮ್ಮ ಸಿಡುಕುತ್ತಲೇ ಸಸಿ ಊರಿದಳು. ಹೊತ್ತು ಇಳಿಯುವಷ್ಟರಲ್ಲಿ ನಾಟಿ ಮುಗಿದಿತ್ತು.

ಕಾಲುವೆಯಲ್ಲಿ ಕಾಲು ತೊಳೆಯುತ್ತ ಹಂಪಕ್ಕ ಅಂದಳು: "ಇವರೆಲ್ಲ ತಮ್ಮ ಮುಯ್ಯಿ ತೀರಿಸಿದ್ರು. ನನ್ನ ಗದ್ದಿಗೆ ನೀನಿನ್ನೂ ಬಂದಿಲ್ಲ, ನಿಂದ ಬಾಕಿ."

"ನಾಳೆ ಮುಂಜಾನೇನ ಬರ್ತೀನಿ ಹಂಪಕ್ಕ."

"ನಾಳೆ ಬ್ಯಾಡ, ನನ್ನ ಸಸಿ ಇನ್ನೂ ಎಳೇವು. ಇರ್ಲಿ ಬಿಡು, ಎಲ್ಲಿಗೆ ಓಡಿ ಹೋಗ್ತಿ?"

ಬಾಕಿ ಹಾಗೇ ಉಳಿಯಿತು. ದಾರಿಯಲ್ಲಿ ಮುಂದೆ ಜ್ಯೋತಿಲಕ್ಷ್ಮಿಯ ನಗು ಕೇಳಿಸಿತು. ಹೊಟ್ಟೆ ಉರಿಯಿತು. ಆದರೂ ವಿರುಪಮ್ಮ, "ತಡಿಯೇ, ನಾನೂ ಬರ್ತೀನಿ" ಎಂದು ಕೂಗಿ ಹೆಜ್ಜೆ ಹಾಕಿದಳು.