ವರ್ಲೀನ್ ಚಿಕ್ಕಮ್ಮನ ಅಡುಗೆಮನೆ

ನಮ್ಮ ಮೆರಿಡಿಯನ್ ಊರಿನಲ್ಲಿ ಮಳೆ ಬಂದರೂ ಓಡದ ಕಪ್ಪು ಹೆಂಗಸು ಅಂದರೆ ನಮ್ಮ ವರ್ಲೀನ್ ಚಿಕ್ಕಮ್ಮ ಒಬ್ಬಳೇ. ಚರ್ಚು ಬಿಡುವ ಹೊತ್ತಿಗೆ ಒಂದು ಹನಿ ಬಿದ್ದರೆ ಸಾಕು, ಬಿಸಿ ಬಾಚಣಿಗೆಯಲ್ಲಿ ಕೂದಲು ನೇರ ಮಾಡಿಕೊಂಡು ಬಂದವರೆಲ್ಲ, ನೆನೆದರೆ ಮತ್ತೆ ಗುಂಗುರಾದೀತು ಅಂತ, ತಲೆಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಕಾರಿನ ಕಡೆ ಓಡುತ್ತಿದ್ದರು. ಚಿಕ್ಕಮ್ಮ ಮಾತ್ರ ಮೆಟ್ಟಿಲ ಮೇಲೆ ನಿಂತು, ಕೈಗವಸು ಸರಿಮಾಡಿಕೊಂಡು, ಮದುಮಗಳ ಹಾಗೆ ನಿಧಾನವಾಗಿ ಇಳಿಯುತ್ತಿದ್ದಳು. ಅವಳ ಕೂದಲು ಬೆನ್ನಿನ ನಡುವಿನವರೆಗೆ ಇತ್ತು. ಯಾರಾದರೂ ಹೊಗಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನಮ್ಮ ಮುತ್ತಜ್ಜಿ, ಬಿಳಿಯರು ಬರುವ ಮೊದಲಿಂದ ಈ ನೆಲದಲ್ಲಿದ್ದ ಚಾಕ್ಟಾ ಬುಡಕಟ್ಟಿನ ಇಂಡಿಯನ್ ಹೆಂಗಸು, ಇದು ಅವಳ ಕಡೆಯಿಂದ ಬಂದ ಕೂದಲು, ದೇವರು ಕೊಟ್ಟದ್ದು.

ಆ ಚಾಕ್ಟಾ ಮುತ್ತಜ್ಜಿ ವಾಸವಾಗಿದ್ದದ್ದು ನಮ್ಮಮ್ಮನ ಬಚ್ಚಲ ಬೀರುವಿನಲ್ಲಿ, ಒಂದು ಬಿಳಿ ಡಬ್ಬಿಯೊಳಗೆ. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುವಂಥ ಘಾಟು. ಬುಡದಲ್ಲಿ ಹೊಸ ಗುಂಗುರು ತಲೆಯೆತ್ತಿದಾಗಲೆಲ್ಲ ಅಕ್ಕತಂಗಿಯರಿಬ್ಬರು ಪರದೆ ಎಳೆದು, ರೇಡಿಯೊ ಜೋರು ಮಾಡಿ, ಬಾಗಿಲು ಹಾಕಿಕೊಳ್ಳುತ್ತಿದ್ದರು. ನಮ್ಮಮ್ಮ ಡಬ್ಬಿಯ ಕ್ರೀಮು ಹಚ್ಚಿ, ಗುಂಗುರು ಸತ್ತು ಕೂದಲು ನೇರವಾಗುವವರೆಗೆ ಕಾದು, ತೊಳೆದು ಕಳಿಸುತ್ತಿದ್ದಳು. ಊರಿನ ಅರ್ಧ ಹೆಂಗಸರು ಅದನ್ನೇ ಹಚ್ಚಿಕೊಳ್ಳುತ್ತಿದ್ದರು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಮುಚ್ಚಿಡಬೇಕಾಗಿ ಬಂದದ್ದು ಆ ಮುತ್ತಜ್ಜಿಯಿಂದ. ಒಂದು ಸುಳ್ಳು ಕಟ್ಟಿದ ಮೇಲೆ ಅದಕ್ಕೆ ಕಾಲಕಾಲಕ್ಕೆ ಸುಣ್ಣ ಬಳಿಯುತ್ತಲೇ ಇರಬೇಕಲ್ಲ.

ಇದರಿಂದ ಯಾರಿಗೂ ನಷ್ಟವಿರಲಿಲ್ಲ, ಜೆರಿಕಾ ಹುಟ್ಟುವವರೆಗೆ. ಜೆರಿಕಾ ಚಿಕ್ಕಮ್ಮನ ಮಗಳ ಮಗಳು. ತಲೆ ತುಂಬ ಒತ್ತೊತ್ತಾದ ಗುಂಗುರು, ಬಾಚಣಿಗೆ ಮುರಿಯುವಂಥದ್ದು. ಕಂಡವರ ಮುಂದೆಲ್ಲ ಚಿಕ್ಕಮ್ಮ, ಪಾಪ, ಮಗುವಿಗೆ ಅಪ್ಪನ ಕಡೆಯ ತಲೆ ಬಂದಿದೆ, ಅನ್ನುತ್ತಿದ್ದಳು. ಅಪ್ಪನ ಕಡೆ ಅಂದರೆ ಬೀಗಿತ್ತಿ ಲೊನೆಟ್ಟಾ. ಅದೇ ಚರ್ಚಿನಲ್ಲಿ ನಮ್ಮ ಹಿಂದಿನ ಸಾಲಿನಲ್ಲೇ ಕೂರುವ ಹೆಂಗಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಆ ಬರೆಯನ್ನೆಲ್ಲ ಲೊನೆಟ್ಟಾ ಬೀಸಣಿಗೆ ಬೀಸಿಕೊಳ್ಳುತ್ತಾ ಹಾಕಿಸಿಕೊಂಡಳೇ ಹೊರತು ಒಂದು ದಿನ ತುಟಿ ಬಿಚ್ಚಲಿಲ್ಲ. ಮಗು ಮಾತ್ರ ಎಲ್ಲ ಕೇಳಿಸಿಕೊಳ್ಳುತ್ತಿತ್ತು. ಸ್ನಾನದ ಟವೆಲನ್ನು ತಲೆಗೆ ಸಿಕ್ಕಿಸಿಕೊಂಡು, ಅದೇ ತನ್ನ ಉದ್ದ ಕೂದಲು ಅಂತ ಕನ್ನಡಿಯ ಮುಂದೆ ಅತ್ತಿತ್ತ ಬೀಸುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮ ಡಬ್ಬಿಯನ್ನು ತಾನೇ ಹಚ್ಚಿಕೊಳ್ಳಲು ಹೋದಳು. ಕಿವಿಯ ಹಿಂದೆ ಚರ್ಮ ಸುಟ್ಟು, ಅಂಗೈಯಗಲ ಜಾಗದಲ್ಲಿ ಕೂದಲು ಉದುರಿತು. ಇನ್ನು ಹಚ್ಚಿದರೆ ತಲೆಯಲ್ಲಿ ಏನೂ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರಿಂದ ನನ್ನ ಹತ್ತಿರ ಬಂದಳು. ನಾನು ಮನೆಯಲ್ಲೇ ಹೆಂಗಸರ ತಲೆ ಬಾಚಿ ಕಟ್ಟುವ ಕಸುಬಿನವಳು. ನೇರ ಕೂದಲನ್ನೆಲ್ಲ ಕತ್ತರಿಸಿ ಹೊಸದಾಗಿ ಶುರುಮಾಡು ಅಂದೆ. ಕೂದಲಿಲ್ಲದೆ ನಾನು ಯಾರೇ, ಅಂದಳು. ಉದ್ದ ಒಂದು ಬೆರಳೂ ಕಡಿಮೆಯಾಗಕೂಡದು, ಯಾರಿಗೂ ಗೊತ್ತಾಗಲೂ ಕೂಡದು.

ಅದು ಸುಲಭದ ಕೆಲಸವಲ್ಲ. ಬುಡದಲ್ಲಿ ಅವಳದೇ ಗುಂಗುರು, ತುದಿಯವರೆಗೆ ಡಬ್ಬಿಯ ನೇರ ಕೂದಲು. ಎರಡೂ ಸೇರುವ ಜಾಗ ಹಳೆ ದಾರದ ಗಂಟಿನಷ್ಟು ಬಡಕಲು, ಸ್ವಲ್ಪ ಎಳೆದರೂ ಪಟ್ ಅಂತ ತುಂಡಾಗುತ್ತದೆ. ಎಣ್ಣೆ ನೀರು ಹಚ್ಚಿ, ತುದಿಯಿಂದ ಮೇಲಕ್ಕೆ ಬೆರಳಲ್ಲೇ ಸಿಕ್ಕು ಬಿಡಿಸಬೇಕು. ಸಣ್ಣ ಸಣ್ಣ ಜಡೆ ಹಾಕಿ, ರಾತ್ರಿ ದಿಂಬಿಗೆ ಉಜ್ಜದ ಹಾಗೆ ಸ್ಯಾಟಿನ್ ಟೋಪಿ ತೊಟ್ಟು ಮಲಗಬೇಕು. ಭಾನುವಾರ ಬಂತೆಂದರೆ ಅವಳಿಗೆ ಬುಡ ಕಾಣಬಾರದು, ಬಿಸಿ ಬಾಚಣಿಗೆ ಎಳೆ ಅನ್ನುವಳು. ಹಾಗೆ ಸುಟ್ಟರೆ ಹೊಸ ಕೂದಲೂ ಹಾಳಾಗುತ್ತೆ, ನೀರು ತಾಕಿದರೆ ಮತ್ತೆ ಗುಂಗುರೇ ಆಗುತ್ತೆ ಅಂತ ನಾನು ಗೊಣಗುತ್ತಲೇ ಎಳೆಯುತ್ತಿದ್ದೆ.

ಇಷ್ಟರ ಮೇಲೆ ಅವಳೊಂದು ಮಾತು ಕೊಟ್ಟುಬಿಟ್ಟಳು. ನಂಗೂ ಕೂದಲು ನೇರ ಮಾಡಿಸು ಅಂತ ಜೆರಿಕಾ ಬೆನ್ನು ಹತ್ತಿದ್ದಳು. ನಿನ್ನ ದೀಕ್ಷಾಸ್ನಾನ ಆಗಲಿ, ಮುಂದಿನ ಶನಿವಾರವೇ ಮಾಡಿಸುತ್ತೇನೆ, ಅಂದಳಂತೆ ಚಿಕ್ಕಮ್ಮ. ಕೇಳಿ ನನಗೆ ರೇಗಿಹೋಯಿತು.

"ನಿನ್ನ ತಲೆ ಸುಟ್ಕೊಂಡಿದ್ದು ಸಾಲ್ದಾ ಚಿಕ್ಕಮ್ಮ? ಹತ್ತು ವರ್ಷದ ಮಗು ಅದು."

"ಬೇಡ ಅಂದ್ರೆ ಯಾಕೆ ಬೇಡ ಅಂತ ಕೇಳುತ್ತೆ. ಏನ್ ಹೇಳ್ಲಿ?"

ಮಗುವಿನ ತಲೆ ಉಳಿಯಬೇಕಾದರೆ ಇವಳ ಹೆಸರು ಹೋಗಬೇಕಿತ್ತು.

ನಮ್ಮ ಚರ್ಚಿನಲ್ಲಿ ಪೂರ್ತಿ ಮುಳುಗಿಸಿಯೇ ದೀಕ್ಷೆ ಕೊಡುವುದು. ವೇದಿಕೆಯ ಹಿಂದೆ ತೊಟ್ಟಿಯಿದೆ, ಪಾದ್ರಿಯ ಜೊತೆ ಹಿರಿಯ ಹೆಂಗಸೊಬ್ಬಳು ನೀರಿಗಿಳಿದು ಮಕ್ಕಳನ್ನು ಹಿಡಿದುಕೊಳ್ಳಬೇಕು. ಆ ಕೆಲಸ ಮೊದಲಿನಿಂದಲೂ ಚಿಕ್ಕಮ್ಮನದೇ. ಬೇರೆಯವರು ಇಳಿದರೆ ರಬ್ಬರ್ ಟೋಪಿ ಹಾಕುತ್ತಾರೆ, ಇವಳು ಬರಿದಲೆ. ಈ ಸಲ ಟೋಪಿ ಹಾಕ್ಕೋ ಅಂತ ನಾನು ಕೈಮುಗಿದು ಕೇಳಿದೆ. ಇಷ್ಟು ವರ್ಷ ಹಾಕದವಳು ಈಗ ಹಾಕಿದರೆ ಜನ ಏನನ್ನುತ್ತಾರೆ, ಅಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಅನ್ನುವವರಿಗೆ ಯಾರು ಬುದ್ಧಿ ಹೇಳುತ್ತಾರೆ?

ಪಾದ್ರಿ ಹಿಂದಕ್ಕೆ ಬಾಗಿಸಿದಾಗ ಜೆರಿಕಾ ಹೆದರಿ ಅಜ್ಜಿಯ ಕತ್ತನ್ನು ತಬ್ಬಿಕೊಂಡಳು. ಇಬ್ಬರೂ ಒಟ್ಟಿಗೆ ನೀರಿಗೆ ಹೋದರು. ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ನಾನು ನಗಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾವು ನಾಲ್ವರೇ ಇದ್ದೆವು. ಲೊನೆಟ್ಟಾ ಮೊಮ್ಮಗಳ ಮೈ ಒರೆಸುತ್ತಿದ್ದಳು. ಚಿಕ್ಕಮ್ಮ ಬಗ್ಗಿ ಶೂಗಳಿಗೆ ಕೈ ಹಾಕಿದ್ದೇ ತಡ, ಒದ್ದೆ ಕೂದಲು ಎರಡು ಪಾಲಾಗಿ ಮುಂದಕ್ಕೆ ಜಾರಿತು. ಕುತ್ತಿಗೆಯ ಹಿಂದೆ, ಕೂದಲು ಮುಗಿಯುವ ಆ ಜಾಗಕ್ಕೆ ನಮ್ಮವರು 'ಅಡುಗೆಮನೆ' ಅನ್ನುತ್ತಾರೆ. ಮನೆಯ ಹಿಂಭಾಗದಲ್ಲಿರುತ್ತದೆ ಅಂತಲೋ, ಹಿಂದೆಲ್ಲ ತಲೆ ಬಾಚುತ್ತಿದ್ದದ್ದು ಅಲ್ಲೇ ಅಂತಲೋ. ನಡುಮನೆಯನ್ನು ಎಷ್ಟು ಬೇಕಾದರೂ ಸಿಂಗರಿಸಬಹುದು, ಮನೆತನ ತಿಳಿಯುವುದು ಅಡುಗೆಮನೆಯಲ್ಲಿ. ಚಿಕ್ಕಮ್ಮನ ಅಡುಗೆಮನೆಯಲ್ಲಿ ನೀರು ಕುಡಿದ ಗುಂಗುರು ಮೆಣಸಿನ ಕಾಳುಗಳ ಹಾಗೆ ಸುರುಳಿ ಸುತ್ತಿ ಕೂತಿತ್ತು.

"ಅಜ್ಜೀ, ನಿನ್ನ ಅಡುಗೆಮನೆ ನಂದರ ಥರಾನೇ ಇದೆ."

ಮಗುವಿನ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ, ಬರೀ ಖುಷಿ. ಅದೇ ಕೆಟ್ಟದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚಿಕ್ಕಮ್ಮ ಕತ್ತಿನ ಹಿಂದೆ ಕೈಯಿಟ್ಟಳು. ನೀರಿಗೆ ಹಾಗಾಗಿದೆ ಅಂತ ಟವೆಲು ಸುತ್ತಿಕೊಂಡಳು. ನೀರಿಗೆ ಇಂಡಿಯನ್ ಕೂದಲು ಹಿಂಗಾಗಲ್ಲ ಅಂತ ನೀನೇ ಹೇಳಿದ್ದೆಯಲ್ಲ, ಅಂದಳು ಜೆರಿಕಾ. ಆಮೇಲೆ ಆ ಕಡೆಯ ಅಜ್ಜಿಗೆ ಕೇಳಿದಳು.

"ಹಾಗಾದ್ರೆ ನನ್ನ ತಲೆ ನಿಮ್ಮ ಕಡೇದಲ್ವಾ, ಲೊನೆಟ್ಟಜ್ಜಿ?"

ಲೊನೆಟ್ಟಾ ಮಗುವಿನ ಅಂಗಿಯ ಗುಂಡಿ ಹಾಕುತ್ತಾ ಹೋದಳು. ಅದನ್ನು ನೋಡಿ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಗೋಡೆ ನೋಡಿಕೊಂಡು ಹೇಳಿದಳು, "ಇಂಡಿಯನ್ನೂ ಇಲ್ಲ, ಏನೂ ಇಲ್ಲ ಲೊನೆಟ್ಟಾ. ಡಬ್ಬಿ ಅದು. ನಮ್ಮಕ್ಕ ಹಚ್ತಿದ್ಲು."

"ಗೊತ್ತು ಬಿಡೆ," ಅಂದಳು ಲೊನೆಟ್ಟಾ. "ಒಂದನೇ ಕ್ಲಾಸಲ್ಲಿ ನಿನ್ನ ಹಿಂದೇನೇ ಕೂತಿದ್ದೆ ನಾನು. ವರ್ಷ ಪೂರ್ತಿ ನಿನ್ನ ಅಡುಗೆಮನೆ ನೋಡ್ಕೊಂಡೇ ಅಕ್ಷರ ಕಲ್ತಿದ್ದು. ನಮ್ಮ ಓರಗೆಯವರಿಗೆಲ್ಲ ಗೊತ್ತು."

"ಮತ್ತೆ ಯಾಕೆ ಒಂದ್ ದಿನಾನೂ ಅನ್ಲಿಲ್ಲ?"

"ನಿಂಗೆ ಅದೊಂದೇ ಇರೋದು ಅಂತ ನೀನೇ ಅಂದ್ಕೊಂಡಿದ್ಯಲ್ಲ. ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ. ಮಗೂಗೆ ಹಂಗಂದಾಗ ಮಾತ್ರ ಹೊಟ್ಟೆ ಉರೀತಿತ್ತು."

ಬೈದಿದ್ದರೆ ಚಿಕ್ಕಮ್ಮ ತಿರುಗಿ ಬೈಯುತ್ತಿದ್ದಳು, ಅದರಲ್ಲಿ ಅವಳು ಎತ್ತಿದ ಕೈ. ಕನಿಕರಕ್ಕೆ ಏನು ತಿರುಗೇಟು ಕೊಡುತ್ತಾಳೆ? ಹೊರಗೆ ಕರಿದ ಕೋಳಿ, ಸೊಪ್ಪು, ಗೆಣಸಿನ ಪೈ ಎಲ್ಲ ಬಡಿಸಿಟ್ಟಿದ್ದರೂ ಊಟಕ್ಕೆ ನಿಲ್ಲದೆ ಮನೆಗೆ ಬಿಡು ಅಂದಳು. ಕಾರಿನಲ್ಲಿ ಅಂದಳು, "ನಾನು ಮಳೇಲಿ ಹಂಗೆ ನಡ್ಕೊಂಡು ಹೋಗ್ತಿದ್ದಾಗ, ಎಲ್ರೂ ಕಾರೊಳಗೆ ಕೂತು ನೋಡ್ತಿದ್ರಲ್ಲೇ. ಎಲ್ರಿಗೂ ಗೊತ್ತಿತ್ತು." ನಾಚಿಕೆಯಿಂದ ಅವಳ ಮುಖ ಊದಿಕೊಂಡಂತಿತ್ತು. ನಾನು ಕನ್ನಡಿಯಲ್ಲಿ ಅವಳನ್ನು ನೋಡದೆ ರಸ್ತೆ ನೋಡಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನಿಜ ತಿಳಿದ ಮೇಲೆ ಮಗು ಡಬ್ಬಿಯ ಆಸೆ ಬಿಡುತ್ತದೆ ಅಂತ ನಾವಿಬ್ಬರೂ ನಂಬಿದ್ದೆವು. ಶನಿವಾರ ಬೆಳಿಗ್ಗೆ ಜೆರಿಕಾ ಅಜ್ಜಿಯ ಕೈ ಹಿಡಿದು ಕುಣಿಯುತ್ತಲೇ ಬಂದಳು. ಕುರ್ಚಿ ಹತ್ತಿ ಕೂತು, ಕಣ್ಣು ಅರಳಿಸಿ ನನಗೆ ಹೇಳಿದಳು.

"ಅಜ್ಜಿಗೂ ಹುಟ್ಟಿದಾಗ ನನ್ ಥರಾನೇ ಇತ್ತಂತೆ ದೊಡ್ಡಮ್ಮ. ಡಬ್ಬಿಯಿಂದಾನೇ ಅಷ್ಟು ಚಂದ ಆಗಿದ್ದು. ಅಂದ್ರೆ ನಂಗೂ ಆಗುತ್ತೆ. ಹಚ್ಚು."

ಸುಳ್ಳಿದ್ದಾಗ ಅಂಥ ಕೂದಲು ಅದೃಷ್ಟದ ಮಾತಾಗಿತ್ತು, ಮಗುವಿಗೆ ಸಿಗದ್ದು. ಈಗ ಕೈಗೆಟುಕುವಂಥದ್ದಾಯಿತು. ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ಬ್ಯಾಗು ಕೆಳಗಿಟ್ಟು ತಲೆವಸ್ತ್ರ ಬಿಚ್ಚಿದಳು. ಆಮೇಲೆ ನೆಲದ ಮೇಲೆ, ಕುರ್ಚಿಯಲ್ಲಿದ್ದ ಮೊಮ್ಮಗಳ ಕಾಲ ಬಳಿ, ಮಂಡಿ ನೋವಿಗೆ ನರಳುತ್ತಾ ಕೂತಳು. ಕಿವಿಯ ಹಿಂದಿನ ಕೂದಲನ್ನು ಎತ್ತಿ ಹಿಡಿದಳು. ನಾನು ಮುಟ್ಟುವಾಗಲೂ ದೀಪ ಆರಿಸು ಅನ್ನುತ್ತಿದ್ದ ಜಾಗ ಅದು. ಸುಟ್ಟ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ನುಣ್ಣಗೆ ಹೊಳೆಯುತ್ತಿತ್ತು.

"ಇದೂ ಡಬ್ಬೀದೇ," ಅಂದಳು.

ಜೆರಿಕಾ ಬಗ್ಗಿ ನೋಡಿದಳು. ಬೆರಳು ಮುಂದೆ ಚಾಚಿ, ಹಿಂದಕ್ಕೆ ಎಳೆದುಕೊಂಡಳು. "ಉರೀತಿತ್ತಾ?"

"ಪ್ರತೀ ಸಲ. ಅಳ್ತಾ ಇರ್ಲಿಲ್ಲ ಅಷ್ಟೇ. ಅತ್ರೆ ಪಕ್ಕದ ಮನೆಯವರಿಗೆ ಗೊತ್ತಾಗ್ತಿತ್ತಲ್ಲ."

ಹೇಳುವಾಗ ಅವಳು ಮಗುವಿನ ಮುಖ ನೋಡಲಿಲ್ಲ. ಕಿವಿಯವರೆಗೂ ನಾಚಿಕೆ ಏರಿತ್ತು. ನನ್ನ ಕೈಯಲ್ಲಿದ್ದ ಬಾಚಣಿಗೆಯನ್ನು ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ.

ಮಗು ತನ್ನ ಕುತ್ತಿಗೆಯ ಹಿಂದೆ ಒಮ್ಮೆ ಮುಟ್ಟಿಕೊಂಡಿತು, ಆಮೇಲೆ ಅಜ್ಜಿಯದನ್ನು. ಬೇಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು ಕೇಳಿತು, "ಅಜ್ಜಿ, ನಿನ್ನ ಅಡುಗೆಮನೆ ನಾನು ಬಾಚ್ಲಾ? ಮೆಲ್ಲಗೆ ಬಾಚ್ತೀನಿ, ಉದ್ದ ಕೂದ್ಲು ಮುರಿಯಲ್ಲ."

ಮಳೆಗೂ ತಗ್ಗದಿದ್ದ ಕತ್ತನ್ನು ವರ್ಲೀನ್ ಚಿಕ್ಕಮ್ಮ ಬಗ್ಗಿಸಿದಳು.